ಅಪ್ಪನ ಮುಖದ ತಾಡಪಾಲು

ಪಿಕಪ್ ಗಾಡಿಗೆ ಹೊದಿಸುವ ತಾಡಪಾಲನ್ನು ಎಲ್ಲರೂ ಹೊರಗೆ ನಿಂತು, ಕೈಯಿಂದ ತಿಕ್ಕಿ, ಎಳೆದು ನೋಡಿ ಕೊಳ್ಳುತ್ತಾರೆ. ನಮ್ಮವ್ವ ಜೋಗಮ್ಮ ಗಾಡಿಯ ಹಿಂದಿನ ಬಾಡಿ ಹತ್ತಿ, ಕಾಲು ಚಾಚಿ ಕೂತು, "ಹ್ಞೂಂ, ಈಗ ಹೊದಿಸ್ರಿ" ಅಂದಳು.

ಕೊಟ್ಟೂರಿನ ತಾಡಪಾಲು ಅಂಗಡಿಯ ಪ್ರವೀಣಕುಮಾರ್ ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ನನ್ನ ತಮ್ಮ ಕ್ರಾಂತಿಯ ಮುಖ ನೋಡಿದ. ನಾವಿಬ್ಬರೂ ರಸ್ತೆಯ ಆ ಕಡೆ ಏನೋ ಘನವಾದದ್ದು ನಡೆಯುತ್ತಿದೆ ಎಂಬಂತೆ ಅತ್ತ ನೋಡುತ್ತ ನಿಂತೆವು.

"ಅಲ್ಲಬೇ ಯವ್ವಾ, ಇದು ಮಾಲಿಗೆ ಹೊದಿಸೋದೋ, ಮನುಷ್ಯಾರಿಗೋ?" ಅಂತ ಅವನು ಕೇಳಿದ.

"ಮಾಲಿಗೆ ಬಾಯಿ ಐತೇನಪ್ಪ? ಒಳಗ ಕುಂತು ನೋಡಿದೋರಿಗೇ ಗೊತ್ತು ಹೆಂಗಿರ್ತೈತಿ ಅಂತ. ನೀ ಹೊದಿಸು."

ಅವ್ವ ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಮೆಣಸಿನಕಾಯಿ ಬಿಡಿಸಲು, ಈರುಳ್ಳಿ ಕೊಯ್ಯಲು ಕೂಡ್ಲಿಗಿಯಿಂದ ಕಾನಹೊಸಹಳ್ಳಿ ಕಡೆಗೆ ಅರ್ಧ ಆಯುಷ್ಯ ಇಂಥ ಗಾಡಿಗಳ ಹಿಂದೆಯೇ ಕೂತು ಹೋದವಳು ಅವಳು. ಆದರೆ ಈವತ್ತು ಹಾಗೆ ಕೂತದ್ದಕ್ಕೆ ಕಾರಣ ಅದಲ್ಲ ಅಂತ ನನಗೆ ಗೊತ್ತಿತ್ತು. ಯಾವ ತಾಡಪಾಲೂ ಸರಿ ಇಲ್ಲ ಅನ್ನಿಸಬೇಕಿತ್ತು ಅವಳಿಗೆ.

ಪ್ರವೀಣಕುಮಾರ್ ಮೊದಲು ನೀಲಿಯದನ್ನು ಕಮಾನಿನ ಪೈಪುಗಳ ಮೇಲೆ ಎಳೆದ. ನಾನು ಹಿಂದಿನಿಂದ ಬಗ್ಗಿ ನೋಡಿದೆ. ಅವ್ವನ ಸೀರೆ, ಬಳೆ, ನರೆತ ಕೂದಲು, ಎಲ್ಲ ನೀಲಿಯಾಗಿತ್ತು. ಅವಳು ಎರಡೂ ಅಂಗೈ ಬಿಚ್ಚಿ ನೋಡಿಕೊಳ್ಳುತ್ತಿದ್ದಳು.

"ತೆಗೀರಿ. ಇದರಾಗ ಬದುಕಿದ್ದೋರೂ ಸತ್ತೋರಂಗ ಕಾಣ್ತಾರ."

ಹಸಿರು ಬಂತು. ಅದು ಆಸ್ಪತ್ರೆಯ ಪರದೆಯ ಹಾಗಿದೆಯಂತೆ. ಹಳದಿ ಬಂತು. ಅದರೊಳಗೆ ಅವಳು ಮದುವೆಯ ಹಿಂದಿನ ದಿನ ಅರಿಶಿಣ ಹಚ್ಚಿಸಿಕೊಂಡವಳ ಹಾಗೆ ಕಂಡಳು, ನನಗೆ ಆಸೆ ಹುಟ್ಟಿತು. ಆಮೇಲೆ "ಕಣ್ಣಿಗೆ ಚುಚ್ಚತೈತಿ" ಅಂದಳು. ಕೊನೆಗೆ ದಪ್ಪನೆಯ ಕಪ್ಪು ತಾಡಪಾಲು ಹೊದಿಸಿದಾಗ ಒಳಗೆ ಪೂರ್ತಿ ಕತ್ತಲಾಯಿತು. "ಸುಮಾ, ಅದೀಯೇನ?" ಅಂತ ಸಣ್ಣ ದನಿ ಬಂತು. ಕ್ರಾಂತಿ ಓಡಿಹೋಗಿ ಅದನ್ನು ಕಿತ್ತ.

ನಾನು ಸುಮಂಗಲಾ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಅಂತ ದಿನಾ ಕೂಗಿ ಕೂಗಿ ಗಂಟಲು ಹರಿದುಕೊಂಡವಳು. ಚಿಲ್ಲರೆ ಕೊಡದವರನ್ನು, ಮೆಟ್ಟಿಲಲ್ಲಿ ನಿಲ್ಲುವವರನ್ನು, ಎಂಟು ವರ್ಷದ ಮಗುವನ್ನು ಐದು ಅನ್ನುವವರನ್ನು ಸಂಭಾಳಿಸಿ ಗೊತ್ತು. ಸಂಭಾಳಿಸಲು ಬಾರದ್ದು ನಮ್ಮವ್ವನೊಬ್ಬಳನ್ನೇ. ವಾರದ ರಜೆ ಹಾಳು ಮಾಡಿಕೊಂಡು ಇವರಿಬ್ಬರ ಜೊತೆ ಹೊರಟಿದ್ದೆ, ಯಾಕೆಂದರೆ ಈ ತಾಡಪಾಲಿನ ನೆವದಲ್ಲಿ ನನಗೆ ಬೇರೆಯೇ ಒಂದು ಕೆಲಸ ಆಗಬೇಕಿತ್ತು. ಅವ್ವನಿಂದ ಅಪ್ಪನ ಫ್ಲೆಕ್ಸನ್ನು ಬಿಡಿಸಬೇಕಿತ್ತು.

ಅಪ್ಪ ಸಿದ್ದಲಿಂಗ ಕೂಡ್ಲಿಗಿ ಮಾರ್ಕೆಟ್ಟಿನಲ್ಲಿ ಹಮಾಲಿ. ಅವನಿಗೆ ಒಂದೇ ಒಂದು ಚಟ ಇತ್ತು, ಮಣ್ಣಿಗೆ ಹೋಗುವುದು. ಯಾರು ಸತ್ತರೂ ಸರಿ, ಯಾವ ಕೇರಿ, ಯಾವ ಜಾತಿ ಅಂತ ಕೇಳದೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಟುಬಿಡುತ್ತಿದ್ದ. ಲಾರಿಯಲ್ಲಿ ಮಾಲಿನ ಮೇಲೆ ಕೂತು ಹೋಗುವಾಗ ದಾರಿಯಲ್ಲಿ ಹೆಣ ಎದುರಾದರೆ ಲಾರಿ ನಿಲ್ಲಿಸಿ ಇಳಿಯುತ್ತಿದ್ದ. ಗುರುತಿಲ್ಲದವರ ಹಿಂದೆ ಊರಾಚೆವರೆಗೂ ನಡೆದು, ಎಲ್ಲ ಮುಗಿದ ಮೇಲೆ ಬೇರೆ ಲಾರಿ ಹಿಡಿದು ಬರುತ್ತಿದ್ದ. "ಹುಟ್ಟಿದಾಗ ಕರೀದಿದ್ರೂ ನಡೀತೈತಿ, ಹೋಗುವಾಗ ನಾಕು ಮಂದಿ ಹಿಂದ ಇರಬೇಕು" ಅನ್ನುತ್ತಿದ್ದ. ನಮ್ಮವ್ವ ಬೈಯುತ್ತಲೇ ಅವನಿಗೆ ಬಿಸಿನೀರು ಕಾಯಿಸಿಡುತ್ತಿದ್ದಳು.

ಅಂಥವನು ಕೊರೋನಾ ವರ್ಷದ ಮೇ ತಿಂಗಳಲ್ಲಿ ಎದೆ ಹಿಡಿದುಕೊಂಡು ಹೋದ. ಅಪ್ಪನ ಮಣ್ಣಿಗೆ ಇದ್ದದ್ದು ನಾನು, ಕ್ರಾಂತಿ, ಅಪ್ಪನ ಜೊತೆಗಾರ ದುರುಗೇಶ್ ಮಾಮ, ಮತ್ತೆ ಔಷಧಿ ಸಿಂಪಡಿಸಲು ಬಂದ ಒಬ್ಬ. ಅವ್ವನಿಗೆ ಜ್ವರ ಇತ್ತು. ಅವಳು ಹೊರಗೆ ಬರಬಾರದು ಅಂತ ಮನೆ ಬಾಗಿಲಿಗೆ ಹಗ್ಗ ಕಟ್ಟಿದ್ದರು. ಅವಳು ಕಿಟಕಿಯಲ್ಲಿ ನಿಂತು ಗಾಡಿ ತಿರುವಿನಲ್ಲಿ ಮರೆಯಾಗುವುದನ್ನು ನೋಡಿದಳು, ಅಷ್ಟೇ.

ಅಂಗಡಿಗಳು ತೆರೆದ ಮೇಲೆ ಕ್ರಾಂತಿ ದೊಡ್ಡದೊಂದು ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿಸಿದ. ಯಾರದೋ ಮದುವೆಯ ಫೋಟೋದಿಂದ ಅಪ್ಪನ ಮುಖ ಕತ್ತರಿಸಿ ತೆಗೆದದ್ದು. ಪಕ್ಕದಲ್ಲಿದ್ದವನ ನಾಲ್ಕು ಬೆರಳು ಅಪ್ಪನ ಹೆಗಲ ಮೇಲೆ ಹಾಗೇ ಉಳಿದಿವೆ. ಫ್ಲೆಕ್ಸಿನವನು ಅಳಿಸುತ್ತೇನೆ ಅಂದಾಗ ಅವ್ವ ಬೇಡ ಅಂದಿದ್ದಳು. ಅದನ್ನು ಸರ್ಕಲ್ಲಿನಲ್ಲಿ ಕಟ್ಟಿದೆವು. ಬಸ್ಸಿಲ್ಲ, ಸಂತೆಯಿಲ್ಲ, ಜನವಿಲ್ಲ. ನೋಡಿದ್ದು ನಾಯಿಗಳು ಮತ್ತು ಗಾಳಿ.

ಆಮೇಲೆ ಅದನ್ನು ಬಿಚ್ಚಿ ತಂದೆವು. ತಂದ ಮೇಲೆ ಏನು ಮಾಡಬೇಕು? ಎಸೆಯಲಾಗುವುದಿಲ್ಲ, ಸುಡಲಾಗುವುದಿಲ್ಲ, ನಮ್ಮ ಮನೆಯ ಗೋಡೆಗಿಂತ ಅದೇ ದೊಡ್ಡದು. ಬೇರೆಯವರು ಇಂಥದ್ದನ್ನು ಮುಖ ಕೆಳಗೆ ಮಾಡಿ ಮೇವಿನ ಬಣವೆಗೆ ಹೊದಿಸುತ್ತಾರೆ. ಅವ್ವ ಅದನ್ನು ತನ್ನ ಹಾಸಿಗೆಯ ಕೆಳಗೆ ಹಾಸಿಕೊಂಡಳು. ನಾಲ್ಕು ಬೇಸಿಗೆ ಆ ಪ್ಲಾಸ್ಟಿಕ್ಕಿನ ಮೇಲೆ ಬೆವರಿ ಬೆವರಿ ಮಲಗಿದ್ದಾಳೆ. "ನಿಮ್ಮಪ್ಪ ಇನ್ನಾ ಹೋಗಿಲ್ಲ. ಕಳಿಸೋ ಮಂದಿ ಬರಲಿಲ್ಲ, ಹೆಂಗ ಹೋಗ್ತಾನ?" ಅನ್ನುತ್ತಾಳೆ. ಕೆಲಸಕ್ಕೆ ಹೋಗುವುದು ಬಿಟ್ಟಳು, ನೆಂಟರ ಮನೆ ಬಿಟ್ಟಳು, ಯಾರಾದರೂ ಸತ್ತರೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ವರ್ಷ ವರ್ಷಕ್ಕೆ ನಮ್ಮವ್ವ ಕಮ್ಮಿಯಾಗುತ್ತ ಬರುತ್ತಿದ್ದಳು. ಹೀಗೇ ಬಿಟ್ಟರೆ ಒಂದು ದಿನ ಆ ಹಾಸಿಗೆಯ ಮೇಲೆ ಬರೀ ಫ್ಲೆಕ್ಸ್ ಇರುತ್ತದೆ ಅಂತ ನನಗೆ ಭಯವಾಗುತ್ತಿತ್ತು.

ಕ್ರಾಂತಿ ಈ ಹಳೆಯ ಪಿಕಪ್ ಕೊಂಡದ್ದೇ ತಡ, ಅವ್ವ ಎದ್ದು ಕೂತು, "ತಾಡಪಾಲು ಯಾಕ ತರ್ತೀಯ? ನಿಮ್ಮಪ್ಪನ್ನ ಹೊದಿಸು. ಹಂಗಾದ್ರೂ ನಾಕು ಊರಿನ ಮಂದಿ ನೋಡ್ತಾರ" ಅಂದಿದ್ದಳು. ಕ್ರಾಂತಿ ತಲೆ ಚಚ್ಚಿಕೊಂಡ. ಶ್ರದ್ಧಾಂಜಲಿ ಹೊದ್ದುಕೊಂಡು ಬಂದ ಗಾಡಿಗೆ ಯಾರು ಬಾಡಿಗೆ ಕೊಡುತ್ತಾರೆ? ಅವ್ವನಿಗೆ ಇಷ್ಟವಾದದ್ದೇ ಕೊಡಿಸೋಣ, ತಾನೇ ಆರಿಸಿದರೆ ಈ ಹಟ ಬಿಡುತ್ತಾಳೆ ಅಂತ ಉಪಾಯ ಹೂಡಿದವಳು ನಾನೇ.

ನನ್ನ ಉಪಾಯ ಕೊಟ್ಟೂರಿನಲ್ಲೇ ನೆಲಕಚ್ಚಿತು. ಪ್ರವೀಣಕುಮಾರ್ ತಾಡಪಾಲುಗಳನ್ನು ಮಡಚುತ್ತ, "ನಿಮ್ಮವ್ವಗೆ ಬೇಕಾದ ಬಣ್ಣ ಇನ್ನಾ ಫ್ಯಾಕ್ಟರಿಯಾಗ ಹುಟ್ಟಿಲ್ರಿ ಯಕ್ಕಾ" ಅಂದ. ಅವ್ವ ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು, ಮಡಿಲ ಚೀಲವನ್ನು ಅಪ್ಪಿಕೊಂಡು ಕಣ್ಣು ಮುಚ್ಚಿದಳು. ಆ ಚೀಲ ಅಷ್ಟು ದೊಡ್ಡದಾಗಿ ಯಾಕಿದೆ ಅಂತ ನಾನು ಕೇಳಲಿಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ಬಾಡಿಗೆ ಕಾದಿತ್ತು. ಬೆನಕಪ್ಪ ಅನ್ನುವ ವ್ಯಾಪಾರಿ ಮಗಳ ಮದುವೆ ಮಾಡಿ, ಅವಳ ಗಂಡನ ಮನೆಗೆ ಹೊಸ ಮಂಚ, ಹತ್ತಿ ತುಂಬಿಸಿದ ಗಾದಿ, ದಿಂಬು ಕಳಿಸುತ್ತಿದ್ದರು. ಹಡಗಲಿ, ಹರಪನಹಳ್ಳಿ ಹಾದು ಹೊಳೆದಂಡೆಯ ಹಲವಾಗಲಿಗೆ ಮುಟ್ಟಿಸಬೇಕು. ತಾಡಪಾಲು ಇದೆಯಾ ಅಂತ ಅವರು ಫೋನಿನಲ್ಲಿ ಕೇಳಿದಾಗ ಕ್ರಾಂತಿ "ಹೊಸಾದು ಐತ್ರಿ" ಅಂದುಬಿಟ್ಟಿದ್ದ.

"ಎಲ್ಲಿ ನಿನ್ನ ತಾಡಪಾಲು?" ಬೆನಕಪ್ಪ ಗಾಡಿಯ ಸುತ್ತ ಒಂದು ಸುತ್ತು ಬಂದರು. "ಬಿಳೀ ಹತ್ತಿ ಗಾದಿ. ಒಂದು ಹನಿ ಬಿದ್ರ ನಮ್ಮ ಬೀಗ್ರು ಆಡಿಕೊಳ್ತಾರ ನೋಡಪ್ಪ."

"ಒಳಗ ಐತ್ರಿ ಸಾವಕಾರ್ರ. ಮಳಿ ಬಂದ್ರ ಹಾಕ್ತೀನಿ. ಈಗ ಬಿಸಿಲಿಗೆ ಗಾದಿ ಒಣಗ್ಲಿ."

ಸುಳ್ಳಿಗೊಂದು ಟಿಕೆಟ್ ಹರಿಯುವ ಹಾಗೆ ನನ್ನ ತಮ್ಮನ ಬಾಯಿಗೆ ಒಂದು ಟಿಕೆಟ್ ಮಷೀನ್ ಕಟ್ಟಬೇಕು ಅನ್ನಿಸಿತು. ಅಂಗಡಿ ಹುಡುಕಿದೆವು, ಅಲ್ಲಿದ್ದ ಎರಡಕ್ಕೂ ಅವ್ವ ಮೂಗು ಮುರಿದಳು, ಹೊತ್ತಾಯಿತು ಅಂತ ಕ್ರಾಂತಿ ಹಾಗೇ ಹೊರಟ. ಮಂಚ ಅಡ್ಡ ಮಲಗಿತ್ತು, ಅದರ ಮೇಲೆ ಗಾದಿ, ಗಾದಿಯ ಒಂದು ತುದಿಗೆ ದಿಂಬು. ಆಕಾಶದ ಕಡೆ ನೋಡಬಾರದು ಅಂತ ಮೂವರೂ ಮಾತಾಡಿಕೊಳ್ಳದೆಯೇ ಒಪ್ಪಿಕೊಂಡಿದ್ದೆವು.

ಊರು ದಾಟಿದ ಮೇಲೆ ಮೊದಲ ಹನಿ ಗಾಜಿಗೆ ಬಿತ್ತು. ಬಿದ್ದದ್ದು ದೊಡ್ಡ ಹನಿ. ಕ್ರಾಂತಿ ಗಾಡಿಯನ್ನು ಬದಿಗೆ ನಿಲ್ಲಿಸಿ ಸ್ಟೇರಿಂಗ್ ಮೇಲೆ ತಲೆಯಿಟ್ಟ. ಅವ್ವ ಚೀಲ ಬಿಚ್ಚಿದಳು.

"ನಾ ಹೇಳಿದ್ನೋ ಇಲ್ಲೋ?" ಅಂದಳು.

"ಯವ್ವಾ, ಮುಖ ಕೆಳಗ ಮಾಡಿ ಹಾಕ್ತೀನಿ" ಅಂತ ಕ್ರಾಂತಿ ಬೇಡಿಕೊಂಡ.

"ಮುಖದ ಮ್ಯಾಗಿನ ಬಣ್ಣ ಗಾದೀಗೆ ಹತ್ತತೈತಿ. ಮ್ಯಾಲ ಮಾಡು."

ಅದೂ ನಿಜವಿರಬಹುದು, ಯಾರಿಗೆ ಗೊತ್ತು. ಮಳೆ ಜೋರಾಗುತ್ತಿತ್ತು. ಅಕ್ಕ ತಮ್ಮ ಇಬ್ಬರೂ ಸೇರಿ ಅಪ್ಪನನ್ನು ಕಮಾನಿನ ಮೇಲೆ ಎಳೆದು, ಮೂಲೆಗಳಿಗೆ ಹಗ್ಗ ಹಾಕಿ ಬಿಗಿದೆವು. ಅವ್ವ ಆಗಲೇ ಹಿಂದೆ ಹತ್ತಿ ಗಾದಿಯ ಪಕ್ಕದ ಸಂದಿಯಲ್ಲಿ ಕೂತಿದ್ದಳು. ಇಳಿಯುವುದಿಲ್ಲ ಅಂದಳು. ಒಬ್ಬಳನ್ನೇ ಬಿಡಲಾಗದೆ ನಾನೂ ಹತ್ತಿದೆ. ಕ್ರಾಂತಿ ಹಿಂದಿನ ಬಾಗಿಲು ಹಾಕಿ ಗಾಡಿ ಎತ್ತಿದ.

ಒಳಗೆ ಬೆಳಕಿತ್ತು. ನಾನು ಕತ್ತಲಿರುತ್ತದೆ ಅಂದುಕೊಂಡಿದ್ದೆ. ಮೋಡದ ಬೆಳಕು ಫ್ಲೆಕ್ಸಿನೊಳಗಿಂದ ಸೋಸಿ ಬರುತ್ತಿತ್ತು, ಮತ್ತು ಅಪ್ಪನ ಮುಖದೊಳಗಿಂದ ಬರುತ್ತಿತ್ತು. ಅಕ್ಷರಗಳು ತಿರುಗಿ ನಿಂತಿದ್ದವು, ಓದಲು ಬರುತ್ತಿರಲಿಲ್ಲ. ಅಪ್ಪನ ಬಲಗೆನ್ನೆಯ ಮಚ್ಚೆ ಎಡಗೆನ್ನೆಗೆ ಬಂದಿತ್ತು. ಕನ್ನಡಿಯಲ್ಲಿ ಅವನು ತನ್ನನ್ನು ತಾನು ನೋಡಿಕೊಳ್ಳುವಾಗ ಹೀಗೇ ಕಾಣುತ್ತಿದ್ದಿರಬೇಕು ಅಂತ ನನಗೆ ಅನ್ನಿಸಿತು. ಹಿಂದೆಂದೂ ನಾನು ಅವನ ಕಡೆಯಿಂದ ಅವನನ್ನು ನೋಡಿರಲಿಲ್ಲ.

ಮಳೆ ಅವನ ಹಣೆಯ ಮೇಲೆ ಬೀಳುತ್ತಿತ್ತು. ಪ್ರತಿ ಹನಿಗೂ ಒಂದು ಸಣ್ಣ ಚುಕ್ಕೆ ಹುಟ್ಟಿ, ಅಲುಗಿ, ಗೆರೆಯಾಗಿ ಜಾರುತ್ತಿತ್ತು. ಗಾಡಿ ತಗ್ಗಿಗೆ ಇಳಿದಾಗ ಅವನ ಕೆನ್ನೆ ಉಬ್ಬುತ್ತಿತ್ತು, ಏರಿದಾಗ ಒಳಗೆ ಹೋಗುತ್ತಿತ್ತು, ಉಸಿರಾಡಿದ ಹಾಗೆ. ಹೊಸ ಹತ್ತಿಯ ವಾಸನೆ, ಮಂಚದ ಪಾಲಿಶ್ ವಾಸನೆ, ಒದ್ದೆ ನೆಲದ ವಾಸನೆ ಸೇರಿ ನನಗೆ ಮಂಪರು ಬಂತು. ಎಷ್ಟು ದೂರ ಬಂದೆವೋ ತಿಳಿಯಲಿಲ್ಲ. ದಿನಾ ಓಡಾಡುವ ದಾರಿ, ಕಣ್ಣು ಮುಚ್ಚಿದರೂ ಯಾವ ಸ್ಟಾಪು ಅಂತ ಹೇಳಬಲ್ಲೆ. ಆ ಹೊತ್ತು ಹೇಳಲಾಗಲಿಲ್ಲ. ಅಪ್ಪ ನಮ್ಮ ಮೇಲೆ ಬಾಗಿ ನಮ್ಮನ್ನು ಎಲ್ಲಿಗೋ ಕರೆದುಕೊಂಡು ಹೋಗುತ್ತಿದ್ದ.

"ನಗಾಕತ್ಯಾನ ನೋಡು" ಅಂದಳು ಅವ್ವ.

"ಫೋಟೋದಾಗ ನಕ್ಕಿದ್ನಲ್ಲಬೇ."

"ಅದಲ್ಲ. ಈಗ."

ನಾನು ವಾದ ಮಾಡಲಿಲ್ಲ. ಸಾಮಾನ್ಯವಾಗಿ ಮಾಡುತ್ತೇನೆ.

ಆಮೇಲೆ ಮಳೆಯ ಸದ್ದು ಬದಲಾಯಿತು. ಗಾಡಿ ನಿಧಾನವಾಗಿತ್ತು, ಹೊರಗೆ ಹಾರ್ನು, ಜನರ ಗದ್ದಲ, ಮಿರ್ಚಿ ಕರಿಯುವ ವಾಸನೆ. ಹಡಗಲಿ ಇರಬೇಕು. ಹನಿಗಳು ನಿಂತುಹೋದವು, ಆದರೂ ಮೇಲೆ ಏನೋ ಮೆತ್ತಗೆ ಬೀಳುತ್ತಿತ್ತು. ಅಪ್ಪನ ಹುಬ್ಬಿನ ಹತ್ತಿರ ಕಾಳಿನಷ್ಟು ದೊಡ್ಡ ನೆರಳೊಂದು ಬಂದು ಕೂತಿತು. ಇನ್ನೊಂದು. ಮತ್ತೆ ಒಮ್ಮೆಲೇ ಹಿಡಿ ತುಂಬ. ಆ ನೆರಳುಗಳು ಜಾರಲಿಲ್ಲ, ಹಾಗೇ ನಿಂತವು. ಅವನ ಹಣೆ, ಮೂಗು, ಹೆಗಲ ಮೇಲಿನ ಆ ಬೇರೆಯವನ ಬೆರಳು, ಎಲ್ಲದರ ಮೇಲೂ ಸಣ್ಣ ಸಣ್ಣ ಚುಕ್ಕೆ. ಮೇಲಿಂದ ಗಮ್ಮೆಂದು ವಾಸನೆ ಇಳಿಯಿತು.

"ಮಲ್ಲಿಗಿ" ಅಂದಳು ಅವ್ವ.

ನನಗೆ ಆಗ ಹೊಳೆಯಿತು. ಮಂಚದ ಮೇಲೆ ಗಾದಿ, ತುದಿಗೆ ದಿಂಬು, ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ಇಬ್ಬರು ಹೆಂಗಸರು, ಮೇಲೆ ಇಷ್ಟು ದೊಡ್ಡ ಶ್ರದ್ಧಾಂಜಲಿ. ಹಿಂದಿನಿಂದ ನೋಡಿದ ಯಾರಿಗೇ ಆದರೂ ಇದು ಏನು ಅಂತ ಕಾಣುತ್ತದೆ? ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡ ಹೂವಿನವರು ಎದ್ದು ನಿಂತು, ಮಾರಲು ಇಟ್ಟ ಮೊಗ್ಗನ್ನು ನಮ್ಮಪ್ಪನ ಮೇಲೆ ಎರಚುತ್ತಿದ್ದರು. ಹಿಂದಿನ ಸಂದಿಯಿಂದ ನೋಡಿದೆ. ಒಬ್ಬ ಬೈಕ್ ನಿಲ್ಲಿಸಿ ಚಪ್ಪಲಿ ಬಿಟ್ಟು ಕೈ ಮುಗಿದ. ಇನ್ನೊಬ್ಬ ತಲೆಯ ಮೇಲಿನ ಟವೆಲ್ ತೆಗೆದ.

ಕಂಡಕ್ಟರ್ ಕೆಲಸದಲ್ಲಿ ಟಿಕೆಟ್ ಇಲ್ಲದೆ ಕೂತವರನ್ನು ಹಿಡಿದು ಹಿಡಿದು, ನನಗೆ ಮೊದಲು ಬಂದದ್ದು ಹಾಗೆ ಸಿಕ್ಕಿಬಿದ್ದವರ ನಾಚಿಕೆ. ಈ ಮರ್ಯಾದೆಗೆ ನಾವು ಟಿಕೆಟ್ ತೆಗೆಸಿಲ್ಲ. ಯಾರದೋ ಮನೆಯ ಗಾದಿ ಹೊತ್ತು ಊರಿಗೆ ಮೋಸ ಮಾಡುತ್ತಿದ್ದೇವೆ. ಮುಂದಿನ ಗಾಜಿಗೆ ಬಡಿದು "ನಿಲ್ಲಿಸೋ, ಬಿಚ್ಚೋ" ಅಂತ ಕೂಗಬೇಕು ಅಂತ ಕೈ ಎತ್ತಿದೆ. ಅವ್ವ ನನ್ನ ಮಣಿಕಟ್ಟು ಹಿಡಿದಳು. ಹಿಡಿತ ಗಟ್ಟಿಯಾಗಿತ್ತು. ಅವಳ ಮುಖ ಮೇಲೆ ತಿರುಗಿತ್ತು, ಅದರ ಮೇಲೆ ಮೊಗ್ಗಿನ ನೆರಳು ಬಿದ್ದಿತ್ತು. ನಾನು ಕೈ ಇಳಿಸಿದೆ.

ಹಡಗಲಿ ದಾಟಿ, ಹರಪನಹಳ್ಳಿ ಇನ್ನೂ ದೂರ ಇರುವಾಗ, ಒಂದು ಊರಿನ ಮುಂದೆ ಗಾಡಿ ನಿಂತಿತು. ಕ್ರಾಂತಿ ಇಳಿದು ಹಿಂದೆ ಬಂದ. ಅವನ ಮುಖ ಬಿಳಿಚಿಕೊಂಡಿತ್ತು.

"ಯಕ್ಕಾ, ಒಬ್ರು ಅಡ್ಡ ನಿಂತಾರ. ನಾನೇನ್ ಹೇಳ್ಲಿ?"

ಎದುರಿಗಿದ್ದವನು ಐವತ್ತರ ಗಂಡಸು. ಹೊಲದಿಂದ ಬರುತ್ತಿದ್ದ, ಕಾಲಿಗೆ ಮಂಡಿಯವರೆಗೆ ಕೆಸರು. ಆಮೇಲೆ ಹೆಸರು ಕೇಳಿದಾಗ ಬೊಮ್ಮಯ್ಯ ಅಂದ. ಅವನ ಹಿಂದೆ ಇನ್ನೂ ಐದಾರು ಜನ ನಿಂತಿದ್ದರು. ಅವನು ನಮ್ಮನ್ನು ನೋಡಿ ದನಿ ತಗ್ಗಿಸಿ, "ಯಾವ ಊರವ್ರಬೇ ಯವ್ವಾ?" ಅಂತ ಕೇಳಿದ.

ಅವ್ವ ಇಳಿದಳು. ನಾನು ಕೈ ಕೊಡಲು ಹೋದೆ, ಬೇಕಾಗಲಿಲ್ಲ.

"ಕೂಡ್ಲಿಗಿ. ಸಿದ್ದಲಿಂಗ ಅಂತ. ಹಮಾಲಿ ಮಾಡ್ತಿದ್ದ."

"ಯಾವಾಗ ಹೋದ್ರು?"

ನಾನು ಕಣ್ಣು ಮುಚ್ಚಿದೆ. ಈವತ್ತು ಬೆಳಿಗ್ಗೆ ಅಂತ ಒಂದು ಸುಳ್ಳು ಹೇಳಿಬಿಡಲಿ, ಮುಂದೆ ಹೋಗಿಬಿಡೋಣ ಅಂತ ಬೇಡಿಕೊಂಡೆ.

"ನಾಕು ವರ್ಷ ಆತಪ್ಪ" ಅಂದಳು ಅವ್ವ. "ಕೊರೋನಾದಾಗ. ಇದರೊಳಗ ಇರೋದು ಬರೇ ಗಾದಿ. ಅವನ ಮಣ್ಣಿಗೆ ಯಾರೂ ಬರಾಕ ಆಗಲಿಲ್ಲ. ನಾನೂ ಹೋಗಲಿಲ್ಲ."

ಬೇವಿನ ಮರದಿಂದ ನೀರು ತೊಟ್ಟಿಕ್ಕುತ್ತಿತ್ತು. ಹಿಂದೆ ನಿಂತಿದ್ದ ಒಬ್ಬ ಹುಬ್ಬು ಗಂಟಿಕ್ಕಿದ, ಬೈಗುಳ ಈಗ ಬಂತು ಅಂತ ಕ್ರಾಂತಿ ನನ್ನ ಹತ್ತಿರ ಸರಿದ. ಬೊಮ್ಮಯ್ಯ ಫ್ಲೆಕ್ಸನ್ನು ನೋಡಿದ. ತುಂಬ ಹೊತ್ತು ನೋಡಿದ.

"ನಮ್ಮವ್ವನೂ ಅದ ವರ್ಷ ಹೋದ್ಲು" ಅಂದ. "ದಾವಣಗೆರಿಯಾಗ. ಅಲ್ಲೇ ಮಾಡಿದ್ರು. ನನಗ ಮುಖ ತೋರಿಸ್ಲಿಲ್ಲ."

ಆಮೇಲೆ ಅವನು ಕ್ರಾಂತಿಗೆ, "ಮೆಲ್ಲಕ ನಡೆಸಪ್ಪ, ಊರು ದಾಟೋತನ" ಅಂದ.

ಕ್ರಾಂತಿ ನನ್ನ ಮುಖ ನೋಡಿದ. ನಾನು ಹೋಗು ಅಂದೆ. ಗಾಡಿ ಮೊದಲ ಗೇರಿನಲ್ಲಿ ಹೊರಟಿತು, ಅದರ ಹಿಂದೆ ಬೊಮ್ಮಯ್ಯ ನಡೆದ, ಅವನ ಪಕ್ಕ ಅವ್ವ, ಅವಳ ಹಿಂದೆ ನಾನು. ಊರೊಳಗಿನ ಜನ ಬಾಗಿಲಿಗೆ ಬಂದರು. ಏನು ಅಂತ ಕೆಲವರು ಕೇಳಿದರು, ಬೊಮ್ಮಯ್ಯ ಹೇಳಿದ, ಕೇಳಿದವರು ಚಪ್ಪಲಿ ಬಿಟ್ಟು ಜೊತೆಗೆ ಬಂದರು. ಒಬ್ಬ ಮುದುಕಿ ತನ್ನ ಗಂಡನ ಹೆಸರು ಹೇಳಿದಳು. ಯಾರೋ ಅಣ್ಣನ ಹೆಸರು ಹೇಳಿದರು. ಆ ವರ್ಷ ಕಳಿಸಲಾಗದವರು ಪ್ರತಿ ಮನೆಯಲ್ಲೂ ಒಬ್ಬರಿದ್ದರು. ಅಳು ಜೋರಾಗಿರಲಿಲ್ಲ. ಕೆಸರಿನಲ್ಲಿ ಕಾಲುಗಳ ಸದ್ದೇ ಹೆಚ್ಚು. ಸಂಜೆಯ ಬಿಸಿಲು ಮೋಡದ ಕೆಳಗಿನಿಂದ ಬಿದ್ದು ಮಲ್ಲಿಗೆ ಹೊತ್ತ ನಮ್ಮಪ್ಪನ ಮುಖ ಹೊಂಬಣ್ಣಕ್ಕೆ ತಿರುಗಿತು. ಗಾಡಿ ಅವನನ್ನು ಹೊತ್ತು ತೇಲುತ್ತಿದೆ, ನಾವು ನಿದ್ದೆಯಲ್ಲಿ ನಡೆಯುತ್ತಿದ್ದೇವೆ ಅನ್ನಿಸುತ್ತಿತ್ತು. ನಾನು ತಿರುಗಿ ನೋಡಿದಾಗ ಹಿಂದೆ ಇದ್ದವರು ನಾಲ್ಕು ಮಂದಿಯಲ್ಲ, ಒಂದು ಊರು.

ಊರು ಮುಗಿಯುವಲ್ಲಿ ಗಾಡಿ ನಿಂತಿತು. ಬೊಮ್ಮಯ್ಯ ಬಗ್ಗಿ ರಸ್ತೆ ಬದಿಯ ಒದ್ದೆ ಮಣ್ಣನ್ನು ಒಂದು ಹಿಡಿ ತೆಗೆದುಕೊಂಡ. ಮಣ್ಣಿಗೆ ಬಂದವನು ಒಂದು ಹಿಡಿ ಹಾಕದೆ ಹೋಗುವುದಿಲ್ಲ. ತೆಗೆದುಕೊಂಡ ಮೇಲೆ ಅವನಿಗೆ ದಿಕ್ಕು ತೋಚಲಿಲ್ಲ. ಗುಂಡಿ ಎಲ್ಲಿದೆ ಹಾಕಲು? ಮುಷ್ಟಿ ಹಿಡಿದು ಹಾಗೇ ನಿಂತ. ಅವ್ವ ಬದಿಯ ಹುಲ್ಲಿನಲ್ಲಿ ಮಂಡಿಯೂರಿ, ಕೈಯಿಂದ ಒಂದಿಷ್ಟು ಜಾಗ ಸವರಿದಳು.

"ಇಲ್ಲಿ ಹಾಕಪ್ಪ" ಅಂದಳು.

ಅವನು ಹಾಕಿದ. ಮುದುಕಿ ಹಾಕಿದಳು. ಒಬ್ಬೊಬ್ಬರಾಗಿ ಬಂದು ಹಾಕಿದರು, ಹಾಕುವಾಗ ಕೆಲವರ ತುಟಿ ಅಲುಗುತ್ತಿತ್ತು, ಹೇಳುತ್ತಿದ್ದ ಹೆಸರು ನಮ್ಮಪ್ಪನದೇ ಆಗಿರಬೇಕಿಲ್ಲ. ಕ್ರಾಂತಿ ಹಾಕಿದ, ನಾನು ಹಾಕಿದೆ. ಕೊನೆಗೆ ಅವ್ವ ಹಾಕಿದಳು. ಮಂಡಿಯೆತ್ತರದ ಗುಡ್ಡೆಯಾಯಿತು. ಅವಳು ಅದನ್ನು ಎರಡೂ ಅಂಗೈಯಿಂದ ತಟ್ಟಿ ಗಟ್ಟಿ ಮಾಡಿ, ಎದ್ದು, ಸೆರಗಿನಿಂದ ಕೈ ಒರೆಸಿಕೊಂಡಳು.

"ಆತು. ಹೋಗ್ಯಾನ" ಅಂದಳು. ನಂತರ ಅತ್ತಳು. ಅಪ್ಪ ಸತ್ತ ದಿನ ಕಿಟಕಿಯಲ್ಲಿ ಅಳಬೇಕಾಗಿದ್ದದ್ದನ್ನು ಅಲ್ಲಿ ರಸ್ತೆಯ ಮೇಲೆ, ಗುರುತಿಲ್ಲದ ಮುದುಕಿಯ ಹೆಗಲ ಮೇಲೆ ಅತ್ತು ಮುಗಿಸಿದಳು.

ಫ್ಲೆಕ್ಸನ್ನು ಅವಳೇ ಬಿಚ್ಚಿಸಿದಳು. ಮಲ್ಲಿಗೆಯನ್ನು ಗುಡ್ಡೆಯ ಮೇಲೆ ಸುರಿದು, ಫ್ಲೆಕ್ಸನ್ನು ಬೊಮ್ಮಯ್ಯನ ಕೈಗೆ ಕೊಟ್ಟು, "ಹೊಲದಾಗ ಬಣವಿಗೆ ಹಾಕ್ಕೊಳಪ್ಪ, ಮಳಿಗಾಲಕ್ಕ ಆಗ್ತೈತಿ" ಅಂದಳು. ಅವನು ಎರಡೂ ಕೈಯಲ್ಲಿ ಇಸಿದುಕೊಂಡ. ಗಾದಿ ಒಂದು ಹನಿಯೂ ನೆನೆದಿರಲಿಲ್ಲ.

ಹರಪನಹಳ್ಳಿ ಮುಟ್ಟಿದಾಗ ದೀಪ ಹತ್ತಿತ್ತು. ಮತ್ತೆ ಮೋಡ ಕಟ್ಟುತ್ತಿತ್ತು, ಹಲವಾಗಲು ಇನ್ನೂ ಉಳಿದಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ತಾಡಪಾಲು ಅಂಗಡಿಯ ಶಟರ್ ಅರ್ಧ ಎಳೆದಿತ್ತು. ಕ್ರಾಂತಿ ಓಡಿ ಹೋಗಿ ಅಂಗಡಿಯವನನ್ನು ನಿಲ್ಲಿಸಿ, ವಾಪಸು ಬಂದು ಅವ್ವನ ಕಡೆಯ ಬಾಗಿಲು ತೆಗೆದ.

"ಬಾರಬೇ. ಒಳಗ ಕುಂತು ನೋಡು, ಯಾವುದು ಬೇಕು."

ಅವ್ವ ಸೀಟಿಗೆ ಒರಗಿದ್ದಳು. ಕಣ್ಣು ಆಗಲೇ ಮುಚ್ಚಿ ಹೋಗುತ್ತಿತ್ತು.

"ನೀವ ನೋಡ್ರಿ. ಯಾವುದಾದ್ರೇನು? ಮಂದಿ ಗಾದಿ ನೆನೀಬಾರ್ದು, ಅಷ್ಟ" ಅಂದವಳು ತಲೆ ಪಕ್ಕಕ್ಕೆ ವಾಲಿಸಿ ನಿದ್ದೆ ಹೋದಳು. ಸಣ್ಣಗೆ ಗೊರಕೆ ಬಂತು.

ನಾವಿಬ್ಬರೂ ಅಂಗಡಿಯ ಮುಂದೆ ಬಂದು ನಿಂತೆವು. ಅಂಗಡಿಯವನು ಒಂದೊಂದಾಗಿ ಬಿಚ್ಚಿ ತೋರಿಸುತ್ತ ಹೋದ, ದಪ್ಪ ಎಷ್ಟು, ಅಂಚಿಗೆ ಹಗ್ಗ ಹೇಗೆ ಹೊಲಿದಿದೆ, ಬಿಸಿಲಿಗೆ ಎಷ್ಟು ವರ್ಷ ತಡೆಯುತ್ತದೆ ಅಂತ. ಕ್ರಾಂತಿ ಒಂದರ ಅಂಚು ಹಿಡಿದು ನೋಡುತ್ತಿದ್ದ. ಅವನ ಗಲ್ಲ ನಡುಗುತ್ತಿರುವುದು ಕಂಡಿತು. ಯಾಕೋ ಅಂತ ಗದರಬೇಕು ಅಂತ ಬಾಯಿ ತೆರೆದವಳು ಅವನ ಪಕ್ಕಕ್ಕೆ ಹೋಗಿ ನಿಂತೆ. ನಾಲ್ಕು ವರ್ಷ ಅವ್ವನನ್ನು ಕಾಯುವುದೇ ನಮಗೆ ಕೆಲಸವಾಗಿತ್ತು, ನಮ್ಮಪ್ಪ ಸತ್ತಿದ್ದಾನೆ ಅಂತ ಅಳಲು ನಮ್ಮಿಬ್ಬರಿಗೂ ಪುರಸೊತ್ತೇ ಸಿಕ್ಕಿರಲಿಲ್ಲ. ನನ್ನ ತಮ್ಮ ತಾಡಪಾಲಿನ ಅಂಚಿನಿಂದ ಮುಖ ಮುಚ್ಚಿಕೊಂಡ, ನಾನು ಇನ್ನೊಂದು ಅಂಚು ಹಿಡಿದುಕೊಂಡೆ, ಇಬ್ಬರೂ ಸಣ್ಣ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತೆವು.

ಅಂಗಡಿಯವನು ಗಾಬರಿಯಾಗಿ ಒಮ್ಮೆ ನಮ್ಮನ್ನು, ಒಮ್ಮೆ ತನ್ನ ತಾಡಪಾಲನ್ನು ನೋಡಿದ.

"ಅಳಬ್ಯಾಡ್ರೀ ಯಕ್ಕಾ" ಅಂದ. "ರೇಟು ಒಂಚೂರು ಕಮ್ಮಿ ಮಾಡ್ತೀನಿ ತಗೊಳ್ರಿ."